ಶಬ್ದಕ್ಕೆ ನಿಂತ ಬೆಂಡಿನ ಚೂರು

ಪೂರಿಗಾಲಿಯ ಸಿದ್ದರಾಜು ಮೈಕಿನ ಕೂಗಿನಿಂದ ಮದುವೆಯ ಬಾಸಿಂಗವನ್ನೇ ಗಾಳಿಯಲ್ಲಿ ತೇಲಿಸಿದ, ಅದನ್ನು ಕಂಡು ಗುತ್ತಲಿನ ಮೇಷ್ಟ್ರ ಮಗಳು ವಿಮಲಾ ತುಂಬಿದ ಸಭೆಯಲ್ಲಿ ಅತ್ತುಬಿಟ್ಟಳು. ಮಳವಳ್ಳಿಯ ಕಡೆ ಈ ಕತೆಯನ್ನು ಹೀಗೆಯೇ ಹೇಳುತ್ತಾರೆ. ಆ ವಿಮಲಾ ನಾನೇ ಆದ್ದರಿಂದ ನಡುವೆ ಬಾಯಿ ಹಾಕುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ. ತೇಲಿದ್ದು ಬಾಸಿಂಗವಲ್ಲ, ಬಾಸಿಂಗದಿಂದ ಕಿತ್ತ ಬೆಂಡಿನ ಚೂರು, ಮೆಣಸಿನ ಕಾಳಿನಷ್ಟಿತ್ತು. ಸಭೆ ತುಂಬಿರಲಿಲ್ಲ. ನಲವತ್ತಮೂರು ಜನ ಇದ್ದರು, ನಾನೇ ಎಣಿಸಿದ್ದೆ. ಎಣಿಸುವುದು ನನ್ನ ಚಾಳಿ. ಕಣ್ಣಲ್ಲಿ ನೀರು ಬಂದದ್ದು ನಿಜ. ಆ ಕೂಗನ್ನು ಒಂದು ಮೊಳ ದೂರದಿಂದ ಹತ್ತು ನಿಮಿಷ ಕೇಳಿದರೆ ಯಾರ ಕಣ್ಣಲ್ಲೂ ನೀರು ಬರುತ್ತದೆ. ಅಂದಿನ ತೀರ್ಪುಗಾರರಿಗೂ ಬಂದಿತ್ತು, ಅವರು ಅತ್ತರೆಂದು ಯಾರೂ ಹೇಳುವುದಿಲ್ಲ. ಇನ್ನು ತೇಲಿಸಿದವನು ಸಿದ್ದರಾಜು ಎಂಬ ಮಾತಿದೆಯಲ್ಲ, ಅದಕ್ಕೆ ಆಮೇಲೆ ಬರುತ್ತೇನೆ. ಸ್ವಲ್ಪ ತಡೆಯಿರಿ.

ಇದೆಲ್ಲ ಈಗ ಏಕೆ ನೆನಪಾಯಿತೆಂದರೆ, ಮೊನ್ನೆ ನಮ್ಮ ಬೀದಿಯಲ್ಲಿ ಒಂದು ನಾಮಕರಣವಿತ್ತು. ಮಗುವಿನ ತಾತ ಮೈಕು ಹಿಡಿದು, ಎಲ್ಲರೂ ಊಟ ಮಾಡಿಕೊಂಡೇ ಹೋಗಬೇಕು ಎಂದು ಹೇಳಲು ಬಾಯಿ ತೆರೆದರು. ಮೈಕು ಅವರಿಗಿಂತ ಮೊದಲೇ ಕುಂಯ್ ಎಂದು ಕಿರುಚಿತು. ಹೆಂಗಸರು ಕಿವಿ ಮುಚ್ಚಿಕೊಂಡರು, ಮಗು ಬೆಚ್ಚಿ ಅತ್ತಿತು. ನಾನೊಬ್ಬಳು ಮಾತ್ರ ಬಹಳ ದಿನದ ಮೇಲೆ ಗೆಳತಿಯ ದನಿ ಕೇಳಿದವಳಂತೆ ನಗುತ್ತ ನಿಂತಿದ್ದೆ. ಪಕ್ಕದ ಮನೆಯ ಅಮ್ಮ ನನ್ನನ್ನು ನೋಡಿದ ರೀತಿ ನೋಡಿದರೆ, ಇನ್ನು ನಮ್ಮ ಬೀದಿಯವರು ಯಾರೂ ನನಗೆ ಗಂಡು ತೋರಿಸುವುದಿಲ್ಲ. ಅದೂ ಒಂದು ಲಾಭವೇ.

ಆ ಕೂಗು ಏಕೆ ಹುಟ್ಟುತ್ತದೆ ಗೊತ್ತೆ? ಹಾರನ್ನಿನಿಂದ ಬಂದ ಸದ್ದನ್ನೇ ಮೈಕು ಮತ್ತೆ ಕೇಳಿಸಿಕೊಳ್ಳುತ್ತದೆ, ಕೇಳಿಸಿಕೊಂಡದ್ದನ್ನು ಹಾರನ್ನಿಗೆ ಕೊಡುತ್ತದೆ, ಹಾರನ್ನು ಅದನ್ನು ಇನ್ನಷ್ಟು ದೊಡ್ಡದು ಮಾಡಿ ವಾಪಸು ಮೈಕಿಗೆ ಕೊಡುತ್ತದೆ. ನಮ್ಮ ದೊಡ್ಡಮ್ಮ ಚಿಕ್ಕಮ್ಮಂದಿರು ಹಪ್ಪಳ ಒತ್ತುವಾಗ ಹುಟ್ಟುವ ಜಗಳವೂ ಇದೇ ಜಾತಿಯದು. ಯಾರೂ ಹೊಸದಾಗಿ ಏನನ್ನೂ ಹೇಳಿರುವುದಿಲ್ಲ.

ಜಗಳದ ಮಾತು ಬಂತಲ್ಲ, ನನ್ನ ತರಬೇತಿಯ ಬಗ್ಗೆ ಹೇಳಿಬಿಡುತ್ತೇನೆ. ನಮ್ಮ ತಂದೆ ಹೈಸ್ಕೂಲು ಮೇಷ್ಟ್ರು. ರಾತ್ರಿ ಊಟಕ್ಕೆ ಕೂತಾಗ ಒಂದು ವಿಷಯ ಕೊಡುತ್ತಿದ್ದರು. ಸಾರನ್ನ ಮುಗಿಯುವ ತನಕ ಅದರ ಪರವಾಗಿ ಮಾತಾಡಬೇಕು, ಮಜ್ಜಿಗೆ ಬಡಿಸಿದ ತಕ್ಷಣ ವಿರೋಧಕ್ಕೆ ತಿರುಗಬೇಕು. ಹೀಗೆ ಬೆಳೆದ ಹುಡುಗಿಗೆ ನಂಬಿಕೆ ಎಂಬುದು ಎಲ್ಲಿ ನಿಲ್ಲಬೇಕು? ಪಲ್ಲಿ ಲೊಚಗುಟ್ಟಿದರೆ ಅಜ್ಜಿ ನೆಲ ಕುಟ್ಟುತ್ತಿದ್ದಳು, ನಾನು, "ಪಲ್ಲಿ ಯಾರ ಮಾತಿಗೆ ಹೂಂಗುಟ್ಟಿತು, ನಿನ್ನದಕ್ಕೋ ನನ್ನದಕ್ಕೋ, ಸಾಕ್ಷಿ ಏನು?" ಎಂದು ಕೇಳುತ್ತಿದ್ದೆ. ಎಂಟನೆಯ ವಯಸ್ಸಿಗೇ ನಾನು ಮನೆಗೆ ಸಾಕಾಗಿಹೋಗಿದ್ದೆ. ಆದ್ದರಿಂದಲೇ ಇರಬೇಕು, ಕಾಲೇಜು ಸೇರಿದ ಮೇಲೆ ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಸಂತೋಷವಾಗಿ ಕಳಿಸುತ್ತಿದ್ದರು.

ನಾಲ್ಕು ವರ್ಷದ ಹಿಂದೆ ಮಳವಳ್ಳಿಯಲ್ಲಿ ಅಂಥದೊಂದು ಸ್ಪರ್ಧೆ ನಡೆಯಿತು. ತುರ್ತುಪರಿಸ್ಥಿತಿಯ ಕಾಲ. ಯಾರಿಗೂ ತೊಂದರೆಯಾಗದ ವಿಷಯ ಹುಡುಕಿ ಹುಡುಕಿ ಸಂಘಟಕರು ಕೊನೆಗೆ 'ಶಬ್ದಕ್ಕಿಂತ ಮೌನವೇ ಬಲಶಾಲಿ' ಎಂದು ಇಟ್ಟಿದ್ದರು. ಚೀಟಿ ಎತ್ತಿದಾಗ ನನಗೆ ಪರ ಬಂತು. ವಿರೋಧವಾಗಿ ಮಾತಾಡಿದವನು ಸಿದ್ದರಾಜು. ಪೂರಿಗಾಲಿಯ ರೈತರ ಮನೆಯ ಹುಡುಗ, ಮಂಡ್ಯದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಬಿ.ಎಸ್ಸಿ. ಓದುತ್ತಿದ್ದ. ನೆಲ ನೋಡಿಕೊಂಡು ಮಾತಾಡುತ್ತಿದ್ದ. ಶಬ್ದ ಎಂದರೆ ಗಾಳಿಯ ಒತ್ತಡ, ಒತ್ತಡಕ್ಕೆ ಬಲವಿದೆ, ಆದ್ದರಿಂದ ಶಬ್ದಕ್ಕೆ ವಸ್ತುವನ್ನು ಎತ್ತಿ ಹಿಡಿಯುವ ಶಕ್ತಿಯೂ ಇದೆ ಎಂದ.

ನಾನು ಎದ್ದು ಹೇಳಿದೆ: "ಮಾನ್ಯ ಅಧ್ಯಕ್ಷರೆ, ಶಬ್ದದಿಂದ ಒಂದು ಹೊಟ್ಟಿನ ಚೂರೂ ಮೇಲೇಳುವುದಿಲ್ಲ. ಏಳುವ ಹಾಗಿದ್ದರೆ ನನ್ನ ಮಿತ್ರರು ಇಷ್ಟು ಹೊತ್ತು ಮಾಡಿದ ಶಬ್ದಕ್ಕೆ ತಮ್ಮ ಮುಂದಿನ ಮೇಜುಬಟ್ಟೆಯಾದರೂ ಏಳಬೇಕಿತ್ತು."

ಸಭೆ ನಕ್ಕಿತು. ತೀರ್ಪುಗಾರರೂ ನಕ್ಕರು, ಅವರು ಅಲ್ಲಿನ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು, ನಗಬಾರದಿತ್ತು. ಪಾರಿತೋಷಕ ನನ್ನ ಕೈಗೆ ಬಂತು. ಮನೆಯಲ್ಲಿ ಅಮ್ಮ ಅದರೊಳಗೆ ಹೂಬತ್ತಿ ತುಂಬಿಟ್ಟಳು.

ಸಿದ್ದರಾಜುವಿಗೆ ಬಂದದ್ದು ಬೇರೆ. ಮಾರನೆಯ ದಿನದಿಂದ ಹಾಸ್ಟೆಲಿನಲ್ಲಿ ಅವನ ಹೆಸರು 'ಮೇಜುಬಟ್ಟೆ' ಆಯಿತು. ಊಟದ ಸಾಲಿನಲ್ಲಿ, "ಲೇ ಮೇಜುಬಟ್ಟೆ, ಒಸಿ ಮಾತಾಡ್ಲಾ, ಸಾರಿನ ಪಾತ್ರೆ ಎದ್ದು ಬತ್ತದೇನೋ ನೋಡವ" ಎನ್ನುತ್ತಿದ್ದರಂತೆ. ಆ ಹೆಸರು ಬಸ್ಸು ಹತ್ತಿ ಪೂರಿಗಾಲಿಗೂ ಹೋಯಿತು. ಎರಡು ವಾರ ಕಳೆದ ಮೇಲೆ ಅವನು ನಮ್ಮ ಕಾಲೇಜಿನ ಗೇಟಿನ ಹತ್ತಿರ ಬಂದು ನಿಂತ. ಕೈಯಲ್ಲಿ ಲೈಬ್ರರಿಯ ಒಂದು ಹಳೆಯ ಪುಸ್ತಕ.

"ಗಾಜಿನ ಕೊಳವೇಲಿ ಎದ್ದು ನಿಲ್ತದೆ ಅಂತ ಬರ್ದವ್ರೆ. ನಾನು ನಿಲ್ಲಿಸಿ ತೋರಿಸ್ತೀನಿ. ಅದೇ ಮಳವಳ್ಳೀಲಿ, ಅದೇ ಮೇಷ್ಟ್ರ ಮುಂದೆ. ನಿಂತರೆ ನೀವು ಸ್ಟೇಜ್ ಹತ್ತಿ, 'ನಾನು ಹೇಳಿದ್ದು ತಪ್ಪು' ಅನ್ನಬೇಕು."

"ನಿಲ್ಲದೆ ಹೋದರೆ?"

"ಮೇಜುಬಟ್ಟೆ ಅಂತ ಎಲ್ಲಾರೂ ಕರೀತಾವ್ರಲ್ಲ, ನೀವೂ ಕರೀರಿ."

ಒಪ್ಪಿದೆ. ಪಾರಿತೋಷಕ ವಾಪಸು ಕೊಡಬೇಕಾಗಿ ಬಂದರೂ ಅಮ್ಮನ ಹೂಬತ್ತಿಗೆ ಬೇರೆ ಡಬ್ಬಿ ಸಿಗುತ್ತದೆ. ಆದರೆ 'ನಾನು ಹೇಳಿದ್ದು ತಪ್ಪು' ಎಂಬ ಮಾತನ್ನು ನಾನು ಅದುವರೆಗೆ ಯಾವ ಸ್ಟೇಜಿನ ಮೇಲೂ, ಯಾವ ಅಡುಗೆಮನೆಯಲ್ಲೂ ಆಡಿರಲಿಲ್ಲ. ಆದ್ದರಿಂದ ನಾನೂ ಒಂದು ಷರತ್ತು ಹಾಕಿದೆ: ಪ್ರಯೋಗ ಮೊದಲಿನಿಂದ ಕೊನೆಯವರೆಗೆ ನನ್ನ ಕಣ್ಣೆದುರಿಗೇ ಆಗಬೇಕು. ಮೋಸ ಹಿಡಿಯುವುದು ನನ್ನ ಕೆಲಸ.

ಪ್ರಯೋಗ ನಡೆದದ್ದು ಮದ್ದೂರಿನಲ್ಲಿ, ಕೆಂಪಣ್ಣನ ಮೈಕ್‌ಸೆಟ್ಟಿನ ಅಂಗಡಿಯ ಹಿಂದಿನ ಕೋಣೆಯಲ್ಲಿ. ಕೆಂಪಣ್ಣ ಸಿದ್ದರಾಜುವಿನ ಸೋದರಮಾವನ ಮಗ. ಸುತ್ತಲಿನ ಮದುವೆಗಳಿಗೆಲ್ಲ ಹಾರನ್ನು ಕಟ್ಟುವವನು. ವಯಸ್ಸಿಗೆ ಬಂದ ಹುಡುಗಿಯನ್ನು ಒಬ್ಬಳೇ ಮೈಕ್‌ಸೆಟ್ಟಿನ ಅಂಗಡಿಗೆ ಕಳಿಸುವುದುಂಟೆ? ತಂದೆ ಕಾವಲಿಗೆಂದು ಜಾನಕತ್ತೆಯನ್ನು ಜೊತೆ ಮಾಡಿದರು. ಜಾನಕತ್ತೆ ತಂದೆಯ ಅಕ್ಕ. ಮಂತ್ರಕ್ಕೆ ಮಳೆ ಬರುತ್ತದೆ ಎಂದು ನಂಬಿದವಳು. ನನ್ನ ಜೊತೆ ಅದೇ ವಿಷಯಕ್ಕೆ ಆರು ತಿಂಗಳು ಮಾತು ಬಿಟ್ಟಿದ್ದವಳು. ಶಬ್ದದಿಂದ ವಸ್ತು ಎತ್ತುತ್ತಾರಂತೆ ಎಂದು ಕೇಳಿದ ಕೂಡಲೆ ಮಡಿಸೀರೆ ಬದಲಾಯಿಸಿ ನನಗಿಂತ ಮೊದಲು ಬಸ್‌ಸ್ಟ್ಯಾಂಡಿನಲ್ಲಿದ್ದಳು.

ಮೊದಲನೆಯ ಭಾನುವಾರ ಹಾರನ್ನನ್ನು ಮುಗಿಲಿಗೆ ಮುಖ ಮಾಡಿಸಿ ಅದರೊಳಗೆ ಒಂದು ಹಿಡಿ ಕಡ್ಲೆಪುರಿ ಹಾಕಿದರು. ಕೆಂಪಣ್ಣ ಮೈಕನ್ನು ಹತ್ತಿರ ಹಿಡಿದ. ಕೂಗು ಎದ್ದಿತು. ಪುರಿ ಪಟಪಟನೆ ಎಗರಿ ಕೋಣೆಯೆಲ್ಲ ಚೆಲ್ಲಿತು. ಸಿದ್ದರಾಜುವಿನ ಮುಖ ಅರಳಿತು.

"ಎಗರೋದು ಬೇರೆ, ನಿಲ್ಲೋದು ಬೇರೆ" ಎಂದೆ. "ಬಾಂಡಲೆಯಲ್ಲಿ ಸಾಸಿವೆಯೂ ಎಗರುತ್ತೆ."

"ಅಮ್ಮಣ್ಣಿ, ನೀವು ಓದೋದು ಬುಟ್ಟು ಸೀದಾ ಕೋರ್ಟಿಗೋಗಿ ಕೂತ್ಕಳಿ" ಎಂದ ಕೆಂಪಣ್ಣ.

ಅಷ್ಟರಲ್ಲಿ ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯ ದೊಡ್ಡತಾಯಮ್ಮನ ತಲೆ ಕಾಣಿಸಿತು. "ಲೇ ಕೆಂಪ, ನಿನ್ ಮೈಕ್ಗೆ ಬೆಂಕಿ ಆಕ! ಎಮ್ಮೆ ಸೊರ ಬುಡ್ತಾ ಇಲ್ಲ ಕಣ್ಲಾ! ಕರ ಬಾಯಿ ಆಕುದ್ರೂ ಒದೀತದೆ!"

"ಇಗ್ಯಾನ ಕಣಮ್ಮೋ, ಇಗ್ಯಾನ!"

"ನಿನ್ ಇಗ್ಯಾನ ನಂಗೆ ಆಲು ಕೊಟ್ಟದಾ?"

ನ್ಯಾಯವಾಗಿ ಹೇಳುವುದಾದರೆ, ಆ ಇಡೀ ತಿಂಗಳಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಅದೇ.

ಎರಡನೆಯ ಭಾನುವಾರದ ಹೊತ್ತಿಗೆ ಸಿದ್ದರಾಜು ಸುಟ್ಟುಹೋದ ಒಂದು ಟ್ಯೂಬ್‌ಲೈಟನ್ನು ತಂದಿದ್ದ. ಸೀಮೆಎಣ್ಣೆಯಲ್ಲಿ ಅದ್ದಿದ ದಾರವನ್ನು ಅದರ ಎರಡು ತುದಿಗೆ ಸುತ್ತಿ, ಹೊತ್ತಿಸಿ, ತಣ್ಣೀರಿಗೆ ಅದ್ದಿದ. ಟಣ್ ಎಂದು ತುದಿಗಳು ಬಿದ್ದವು. ಒಳಗಿನ ಬಿಳಿ ಪುಡಿ ತೊಳೆದ ಮೇಲೆ ಚೆಂದದ ಗಾಜಿನ ಕೊಳವೆ ಸಿಕ್ಕಿತು. ಅದನ್ನು ಬೆಂಚಿನ ಮೇಲೆ ಅಡ್ಡಲಾಗಿ ಮಲಗಿಸಿದರು. ಒಂದು ಬಾಯಿಗೆ, ಹಾರನ್ನು ತೆಗೆದು, ಅದರ ಹಿಂದೆ ಸದ್ದು ಹುಟ್ಟಿಸುವ ಬರಿಯ ಯೂನಿಟ್ಟನ್ನು ಸೈಕಲ್ ಟ್ಯೂಬಿನ ರಬ್ಬರಿನಿಂದ ಕಟ್ಟಿದರು. ಇನ್ನೊಂದು ಬಾಯಿಗೆ ಮುರಿದ ಕೊಡೆಯ ಕಡ್ಡಿ. ಅದರ ತುದಿಗೆ ಬಟ್ಟೆ ಸುತ್ತಿದ ಬಿರಡೆ. ಕಡ್ಡಿಯನ್ನು ಒಳಕ್ಕೆ ಹೊರಕ್ಕೆ ಸರಿಸಿದರೆ ಕೊಳವೆಯೊಳಗಿನ ಗಾಳಿಯ ಉದ್ದ ಬದಲಾಗುತ್ತದೆ. ಕೂಗಿಗೂ ಆ ಉದ್ದಕ್ಕೂ ಸರಿಯಾಗಿ ಹೊಂದಿಕೆಯಾದ ಒಂದು ಜಾಗದಲ್ಲಿ, ಒಳಗಿನ ಹಗುರವಾದ ವಸ್ತು ಎದ್ದು ನಿಲ್ಲಬೇಕು. ಪುಸ್ತಕ ಹೇಳಿದ್ದು ಇಷ್ಟೆ. ಆ ಜಾಗ ಎಲ್ಲಿ ಎಂದು ಪುಸ್ತಕಕ್ಕೇನು ಗೊತ್ತು, ಅದು ಕೆಂಪಣ್ಣನ ಯೂನಿಟ್ಟನ್ನು ನೋಡಿತ್ತೆ?

ಪುರಿ ಭಾರವಾಯಿತು. ಅರಳೂ ಭಾರವಾಯಿತು. ಕಬ್ಬು ಹೂ ಬಿಡುವ ಸೂಲಂಗಿಯ ಕಡ್ಡಿ ಸೀಳಿ ಒಳಗಿನ ತಿರುಳು ಹಾಕಿದರು. ಅದು ಹೊರಳಾಡಿತೇ ಹೊರತು ಏಳಲಿಲ್ಲ. ಕೆಂಪಣ್ಣ ಕೋಳಿಪುಕ್ಕ ತರಲು ಹೊರಟಾಗ ಜಾನಕತ್ತೆ ಕೂತಲ್ಲಿಂದಲೇ ಕೈಯೆತ್ತಿದಳು. "ಅದನ್ನ ಮುಟ್ಟಿದರೆ ನಾನು ಇಲ್ಲಿಂದ ಸೀದಾ ಸ್ನಾನಕ್ಕೆ ಹೋಗಬೇಕಾಗುತ್ತೆ. ಅಷ್ಟು ಹಗುರವಾದ್ದು ಬೇಕಾದರೆ ಬಾಸಿಂಗದ ಬೆಂಡು ತರಬಾರದೇನಪ್ಪ?"

ಮುಂದಿನ ವಾರ ಅವಳೇ ಒಂದನ್ನು ತಂದಳು. ನಮ್ಮ ತಂದೆಯ ಮದುವೆಯದು. ಮದುವೆ ಮುಗಿದ ಮೇಲೆ ಅಟ್ಟದ ಮೊಳೆಗೆ ಕಟ್ಟಿಟ್ಟಿದ್ದು, ಇಪ್ಪತ್ತು ವರ್ಷದ ಹೊಗೆ ಕುಡಿದಿತ್ತು. "ಅವರಿಬ್ಬರ ಜಗಳ ನೋಡಿದರೆ ಇದರ ಕೆಲಸ ಮುಗಿದ ಹಾಗೇ ಇದೆ" ಎಂದು ಬಣ್ಣದ ಕಾಗದ ಕಿತ್ತು ಬೆಂಡನ್ನು ಕೊಟ್ಟಳು. ನನ್ನ ಎದುರುಪಕ್ಷಕ್ಕೆ ನನ್ನ ಮನೆಯಿಂದಲೇ ಸಾಮಗ್ರಿ! ವಾಪಸು ಬರುವ ಬಸ್ಸಿನಲ್ಲಿ ಆಕ್ಷೇಪಿಸಿದೆ. "ನಾಳೆ ಇದು ಎದ್ದರೆ ಮಂತ್ರದ ಶಕ್ತಿಯೂ ನಿಜ ಅಂತೀಯಲ್ಲವಾ?" "ಅನ್ನದೆ ಬಿಡ್ತೀನಾ?" ಎಂದಳು. "ಹೊಂದಿಕೆಯಾದ ಜಾಗ ಸಿಕ್ಕದೆ ನಿಮಗೆ ಬೆಂಡು ಏಳ್ತಿಲ್ಲ, ನಮಗೆ ಮಳೆ ಬರ್ತಿಲ್ಲ. ವ್ಯತ್ಯಾಸ ಏನು ಹೇಳು?" ಮಂಡ್ಯ ಬರುವವರೆಗೂ ನಾನು ವ್ಯತ್ಯಾಸ ಹೇಳುತ್ತಲೇ ಇದ್ದೆ. ಅವಳು ಮದ್ದೂರು ದಾಟುವಷ್ಟರಲ್ಲೇ ನಿದ್ದೆ ಹೋಗಿದ್ದಳೆಂದು ಇಳಿಯುವಾಗ ಗೊತ್ತಾಯಿತು.

ಕೊನೆಯ ಭಾನುವಾರ. ಮಳವಳ್ಳಿಯ ಪ್ರದರ್ಶನಕ್ಕೆ ಇನ್ನು ಆರೇ ದಿನ. ಬೆಂಡಿನ ಪುಡಿ ಕೊಳವೆಯಲ್ಲಿ ಉತ್ತ ಹೊಲದಂತೆ ಸಾಲು ಸಾಲು ದಿಬ್ಬವಾಗುತ್ತಿತ್ತು, ಚೂರು ಮಾತ್ರ ಏಳುತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಫ್ಯೂಸು ಹೋಯಿತು. ಕೆಂಪಣ್ಣ ಸಣ್ಣ ತಂತಿಯೊಂದನ್ನು ಸಿಕ್ಕಿಸಿ, ಒಳ್ಳೆಯ ತಂತಿ ತರಲು ಸಿದ್ದರಾಜುವನ್ನು ಪೇಟೆಗೆ ಅಟ್ಟಿದ. ತಾನು ಮೈಕನ್ನು ಬೆಂಚಿನ ಮೇಲೆ ಕೂಗಲು ಬಿಟ್ಟು, ಆಂಪ್ಲಿಫೈಯರಿನ ಹಿಂದೆ ತಲೆ ತೂರಿಸಿ ಏನೋ ನೋಡುತ್ತಿದ್ದ. ಜಾನಕತ್ತೆ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಆ ಕೂಗಿಗೂ ಅವಳು ಒಗ್ಗಿಹೋಗಿದ್ದಳು. ಸುಮ್ಮನೆ ಕೂತು ಬೇಸರವಾಗಿ ನಾನು ಕೊಡೆಯ ಕಡ್ಡಿಗೆ ಕೈ ಹಾಕಿದೆ. ಅಭ್ಯರ್ಥಿಯ ಸಾಧನ ಪರೀಕ್ಷಿಸುವುದು ಪರಿವೀಕ್ಷಕಿಯ ಹಕ್ಕು ಎಂದು ನನಗೆ ನಾನೇ ಹೇಳಿಕೊಂಡೆ. ಸರಿಸಿದೆ. ಇನ್ನೊಂದಿಷ್ಟು ಸರಿಸಿದೆ.

ಬೆಂಡಿನ ಚೂರು ಎದ್ದಿತು.

ಎಗರಲಿಲ್ಲ, ಹಾರಲಿಲ್ಲ. ಯಾರೋ ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ ಹಿಡಿದ ಹಾಗೆ ಕೊಳವೆಯ ನಡುವೆ, ಗಾಜಿನ ಯಾವ ಮಗ್ಗುಲನ್ನೂ ಮುಟ್ಟದೆ, ಸಣ್ಣಗೆ ನಡುಗುತ್ತ ನಿಂತಿತು. ಹನ್ನೊಂದು ಎಣಿಸಿದೆ. ಹನ್ನೊಂದಕ್ಕೆ ಕೂಗಿನ ಸ್ಥಾಯಿ ಒಂದಿಷ್ಟು ಜಾರಿ ಅದು ಬಿತ್ತು. ಕಡ್ಡಿ ಕೊಳವೆಯಿಂದ ಎಷ್ಟು ಹೊರಗಿದೆ ಎಂದು ಕೈ ಇಟ್ಟು ನೋಡಿದೆ. ಸರಿಯಾಗಿ ನಾಲ್ಕು ಬೆರಳು.

ಆಮೇಲೆ ಕಡ್ಡಿಯನ್ನು ಮೊದಲಿದ್ದಲ್ಲಿಗೆ ಎಳೆದಿಟ್ಟು, ಕೈ ಒರೆಸಿಕೊಂಡು, ಸೆರಗು ಸರಿಮಾಡಿಕೊಂಡು ಕೂತೆ.

ಸಿದ್ದರಾಜು ತಂತಿ ತಂದ. "ಏನಾರ ಆಯ್ತಾ?" ಎಂದ.

"ನನಗೇನು ಗೊತ್ತು, ಪ್ರಯೋಗ ನಿಮ್ಮದು" ಎಂದೆ.

ನೀವು ನನ್ನನ್ನು ಬೈಯುವ ಮೊದಲು ನನ್ನ ವಾದ ಕೇಳಿ. ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಕರು ಉತ್ತರ ಹೇಳಿಕೊಡಬಾರದು, ಇದು ಒಂದು. ಎದ್ದು ನಿಲ್ಲಿಸುವವನು ತಾನು ಎಂದವನು ಅವನು, ನಾನಲ್ಲ, ಇದು ಎರಡು. ಮೂರನೆಯದನ್ನು ಆರು ದಿನ ಹುಡುಕಿದೆ, ಸಿಕ್ಕಲಿಲ್ಲ. ಊಟಕ್ಕೆ ಕೂತಾಗ ಮಜ್ಜಿಗೆಯ ತನಕವೂ ಬರುತ್ತಿರಲಿಲ್ಲ, ಸಾರನ್ನದಲ್ಲೇ ಏಳುತ್ತಿದ್ದೆ. ತಂದೆ, "ಹುಷಾರಿಲ್ಲವೇನಮ್ಮ?" ಎಂದರು.

ಶನಿವಾರ ಮಳವಳ್ಳಿಯ ಅದೇ ಸಭಾಂಗಣ. ನಲವತ್ತಮೂರು ಜನ ಎಂದೆನಲ್ಲ, ಅದರಲ್ಲಿ ಮೂವತ್ತು ಹಾಸ್ಟೆಲಿನ ಹುಡುಗರು. ಮೇಜಿನ ಮೇಲೆ ಕೊಳವೆ, ಪಕ್ಕದಲ್ಲಿ ಮೈಕು ಹಿಡಿದು ಕೆಂಪಣ್ಣ, ಕಡ್ಡಿ ಹಿಡಿದು ಸಿದ್ದರಾಜು, ಎದುರಿಗೆ ಕುರ್ಚಿಯಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಕೂಗು ಎದ್ದಿತು. ಸಿದ್ದರಾಜು ಕಡ್ಡಿ ಸರಿಸಿದ. ಪುಡಿ ದಿಬ್ಬವಾಯಿತು. ಮತ್ತೆ ಸರಿಸಿದ. ಚೂರು ಹೊರಳಿತು. ಐದು ನಿಮಿಷ, ಎಂಟು ನಿಮಿಷ. ನಾಲ್ಕು ಬೆರಳಿನ ಜಾಗವನ್ನು ಅವನು ಎರಡು ಸಲ ದಾಟಿಹೋದದ್ದು ನನಗೆ ಕಂಡಿತು, ಅಲ್ಲಿ ನಿಲ್ಲಿಸಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಶುರು ಮಾಡಿದರು, "ಮೇಜುಬಟ್ಟೆ! ಮೇಜುಬಟ್ಟೆ!" ಬೆಂಚು ಕುಟ್ಟತೊಡಗಿದರು. ಅವನ ಕಿವಿ ಕೆಂಪಾಯಿತು. ನೆಲ ನೋಡಿದ.

"ಲೇ ಸಿದ್ದ, ಯೂನಿಟ್ ಕಾದು ಕೆಂಡ ಆಗದೆ ಕಣ್ಲಾ, ಸುಟ್ಟೋಯ್ತದೆ" ಎಂದ ಕೆಂಪಣ್ಣ.

ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಇದೇ ಕೊನೇ ಸಲ ಕಣಪ್ಪ" ಎಂದರು.

ಆ ಹೆಸರಿಟ್ಟವಳು ನಾನು. ಮೂವತ್ತು ಹುಡುಗರು ಕೂಗುತ್ತಿದ್ದದ್ದು ನನ್ನ ಮಾತನ್ನೇ, ದೊಡ್ಡದು ಮಾಡಿ. ಎದ್ದು ನಿಂತು, "ಅಧ್ಯಕ್ಷರೆ, ಕೊಳವೆಯಲ್ಲಿ ದಾರಗೀರ ಇದೆಯಾ ಎಂದು ನಾನು ಪರೀಕ್ಷಿಸಬೇಕು" ಎಂದೆ. ಮೇಷ್ಟ್ರು ತಲೆಯಾಡಿಸಿದರು. ಸಿದ್ದರಾಜು ಕಡ್ಡಿ ಬಿಟ್ಟು ಪಕ್ಕಕ್ಕೆ ಸರಿದ. ಬಗ್ಗಿದೆ. ಬಗ್ಗಿದಾಗ ಸೀರೆಯ ಸೆರಗು ಮುಂದಕ್ಕೆ ಜಾರಿ ಕೊಳವೆಯ ಬಾಯಿ ಮುಚ್ಚಿತು. ತಾನಾಗಿ ಜಾರಿತು ಎಂದು ನಾನು ವಾದಿಸಬಲ್ಲೆ, ಈಗ ಬೇಡ. ಅದರ ಮರೆಯಲ್ಲಿ ನಾಲ್ಕು ಬೆರಳಿಟ್ಟು ಅಳೆದು ಕಡ್ಡಿ ನೂಕಿದೆ.

"ಇದೆ! ನಿಂತಿದೆ!" ಎಂದು ಮೇಷ್ಟ್ರು ಕುರ್ಚಿಯಿಂದ ಎದ್ದೇಬಿಟ್ಟರು. ಬೆಂಚು ಕುಟ್ಟುವುದು ನಿಂತಿತು. ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ನೋಡಲು ಬಂದರು. ಅವರಿಗೆ ಕಂಡದ್ದು ಗಾಜಿನೊಳಗೆ ನಿಂತ ಚೂರು ಮತ್ತು ಅದರ ಪಕ್ಕದಲ್ಲಿ ನಿಂತ ಸಿದ್ದರಾಜು. ಯಾರೋ ಅವನನ್ನು ಭುಜದ ಮೇಲೆ ಎತ್ತಿಕೊಂಡರು. ಶಬ್ದಕ್ಕೆ ಎದ್ದ ವಸ್ತುಗಳಲ್ಲಿ ಅವನೂ ಒಬ್ಬ.

ನಾನು ಸ್ಟೇಜು ಹತ್ತಿದೆ. "ನಾನು ಹೇಳಿದ್ದು ತಪ್ಪು." ಹೇಳಿದ ಮೇಲೆ ಆಕಾಶವೇನೂ ಬೀಳಲಿಲ್ಲ. ಮುಂದಿನ ಸಾಲಿನಲ್ಲಿ ಜಾನಕತ್ತೆ ಮಾತ್ರ, ಮಳೆ ಬಂದಷ್ಟು ಸಂತೋಷಪಟ್ಟು ಚಪ್ಪಾಳೆ ತಟ್ಟಿದಳು.

ಸಾಮಾನು ಕಟ್ಟುವಾಗ ಕೊಡೆಯ ಕಡ್ಡಿ ನನ್ನ ಕೈಗೆ ಬಂತು. ಬಿರಡೆಯ ಕಡೆಯಿಂದ ನೋಡುತ್ತ ಬಂದೆ. ಹಿಡಿಯ ತುದಿಯಿಂದ ಸರಿಯಾಗಿ ನಾಲ್ಕು ಬೆರಳು ಒಳಗೆ, ಕಡ್ಡಿಯ ಸುತ್ತ, ಕೂದಲೆಳೆಯಷ್ಟು ತೆಳ್ಳಗೆ ಒಂದು ನೀಲಿ ಶಾಯಿಯ ಗೆರೆ. ಹೊಸದಲ್ಲ, ಉಜ್ಜಿ ಉಜ್ಜಿ ಅರ್ಧ ಅಳಿಸಿತ್ತು. ನಾನು ಹಾಕಿದ್ದಲ್ಲ.

"ಕೆಂಪಣ್ಣ, ಇದು ನಿಮ್ಮದಾ?"

"ನಂಗ್ಯಾಕಮ್ಮಣ್ಣಿ ಸಾಯಿ? ನಾನೇನ್ ಬರಿಯೋನಾ ಓದೋನಾ?"

ಉಳಿದವನು ಒಬ್ಬನೇ. ಅವನ ಜೇಬಿನಲ್ಲಿ ಪೆನ್ನಿತ್ತು. ಜೇಬಿನ ಮೂಲೆಯಲ್ಲಿ ಅದೇ ನೀಲಿಯ ಕಲೆ. ಹಾಗಾದರೆ ಎಂಟು ನಿಮಿಷ ಅವನು ಆ ಗೆರೆಯನ್ನು ಎರಡು ಸಲ ದಾಟಿದ್ದು ಹೇಗೆ? ಹೆದರಿ ಮರೆತನೆ? ಗೆರೆ ಕಾಣಿಸಲಿಲ್ಲವೆ? ಅಥವಾ ಮೂವತ್ತು ಜನ ಕೂಗುತ್ತಿದ್ದರೂ, ಮದ್ದೂರಿನಲ್ಲಿ ಜಾಗ ಕಂಡೂ ಬಾಯಿ ಮುಚ್ಚಿ ಕೂತಿದ್ದವಳು ಎಷ್ಟು ಹೊತ್ತು ಕೂತಿರುತ್ತಾಳೆ ನೋಡೋಣ ಎಂದು ಬೇಕೆಂದೇ ನಿಂತಿದ್ದನೆ? ಅಲ್ಲೇ ಕೇಳಿದೆ. ಅವನು ವೈರು ಸುತ್ತುತ್ತಿದ್ದ, ಸುತ್ತುತ್ತಲೇ ಇದ್ದ. ಬಸ್‌ಸ್ಟ್ಯಾಂಡಿನಲ್ಲಿ ಮತ್ತೆ ಕೇಳಿದೆ. ಪೂರಿಗಾಲಿಯ ಬಸ್ಸು ಬಂತು ಎಂದು ಹತ್ತಿ ಕೂತ. ಬಸ್ಸು ಹೊರಟಿತು. ಹಿಂದೆ ಜಾನಕತ್ತೆ, "ಲೇ ಹುಡುಗಿ, ಬಿದ್ದೀಯೆ!" ಎಂದು ಕೂಗುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕಿಟಕಿಯ ಪಕ್ಕ ಓಡುತ್ತ ಮೂರನೆಯ ಸಲ ಕೇಳಿದೆ. ಅವನು ನನ್ನನ್ನೇ ನೋಡಿದ, ನಕ್ಕ. ಬಸ್ಸು ವೇಗ ಹಿಡಿಯಿತು, ನಾನು ಇನ್ನೂ ಕೂಗಿದೆ:

"ಸಿದ್ದರಾಜು, ನಿಜ ಹೇಳ್ರಿ, ನಿಮಗೆ ಜಾಗ ಮೊದಲೇ ಗೊತ್ತಿತ್ತು ಅಲ್ವಾ?"